ಅಲುಗಾಡದ ಮಾವ

ನಾನು ಸೇರಬೇಕೆಂದುಕೊಂಡಿದ್ದು ಲೆಕ್ಕಪತ್ರ ಕಲಿಸುವ ಸಂಜೆ ತರಗತಿಗೆ. ಹೋಗುವಷ್ಟರಲ್ಲಿ ಅದು ಭರ್ತಿಯಾಗಿತ್ತು. ಫೀಜು ಕಟ್ಟಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಂಕೋಚವಾಗಿ, ಪಕ್ಕದ ಕೋಣೆಯಲ್ಲಿ ಯಾವುದಕ್ಕೆ ಜಾಗವಿತ್ತೋ ಅದಕ್ಕೇ ಸೇರಿಬಿಟ್ಟೆ. ಅಲ್ಲಿ ಹೇಳಿಕೊಡುತ್ತಿದ್ದದ್ದು ನಮ್ಮ ತಾತಂದಿರು ಹುಡುಗರಾಗಿದ್ದ ಕಾಲದ ಕಪ್ಪು ಬಿಳುಪು ಭಾವಚಿತ್ರಗಳನ್ನು ಮೆಚ್ಚುವುದು ಹೇಗೆ ಎಂದು. ಮೆಚ್ಚುವುದಕ್ಕೂ ತರಗತಿ ಬೇಕೇ ಎಂದು ಹೆಂಡತಿ ಕೇಳಿದಳು. ಬೇಕು, ತರಬೇತಿಯಿಲ್ಲದ ಮೆಚ್ಚುಗೆ ಮೆಚ್ಚುಗೆಯೇ ಅಲ್ಲ ಎಂದೆ. ಹಾಗಾದರೆ ನನ್ನನ್ನು ಮೆಚ್ಚಿ ಮದುವೆಯಾದದ್ದು ಯಾವ ತರಬೇತಿಯ ಮೇಲೆ ಎಂದಳು. ಇದಕ್ಕೆ ಉತ್ತರ ಕೊಡಬಾರದೆಂಬಷ್ಟು ಬುದ್ಧಿ ನನಗೆ ತರಗತಿಗೆ ಸೇರುವ ಮುಂಚೆಯೇ ಇತ್ತು.

ಮೇಡಂ ಪರದೆಯ ಮೇಲೆ ಒಂದೊಂದೇ ಚಿತ್ರ ಹಾಕಿ, ನಾವು ಕೆಮ್ಮುವವರೆಗೂ ಸುಮ್ಮನೆ ನಿಲ್ಲುತ್ತಿದ್ದರು. ಒಬ್ಬ ಕಮ್ಮಾರ. ಒಬ್ಬ ಗುಮಾಸ್ತ. ಮಗುವನ್ನೆತ್ತಿಕೊಂಡ ಒಬ್ಬ ತಾಯಿ. ಚಿತ್ರದ ಕೆಳಗೆ ಹೆಸರಿಲ್ಲ, ಕಸುಬು ಮಾತ್ರ. ಒಬ್ಬರೂ ನಗುತ್ತಿರಲಿಲ್ಲ. ಇವರಿಗೆಲ್ಲ ಏನು ಕಷ್ಟ ಎಂದು ನಾನು ಕೇಳಿದೆ. ಕಷ್ಟವಲ್ಲ, ಆ ಕಾಲದಲ್ಲಿ ಚಿತ್ರ ಮೂಡುತ್ತಿದ್ದ ಗಾಜಿನ ಪ್ಲೇಟು ನಿಧಾನ, ಅಷ್ಟು ಹೊತ್ತು ನಗುವನ್ನು ಹಿಡಿದಿಡಲು ಆಗುತ್ತಿರಲಿಲ್ಲ, ಕೆಲವು ಸ್ಟುಡಿಯೋಗಳಲ್ಲಿ ತಲೆ ಅಲುಗದಂತೆ ಕತ್ತಿನ ಹಿಂದೆ ಕಬ್ಬಿಣದ ಆಸರೆ ನಿಲ್ಲಿಸುತ್ತಿದ್ದರು ಎಂದರು. ಬೆಳಕು ಒಂದು ಕಿಟಕಿಯಿಂದ ಬರಬೇಕಂತೆ. ಅರ್ಧ ಮುಖ ಕತ್ತಲಲ್ಲಿರಬೇಕಂತೆ. ಕತ್ತಲೆಯೇ ಮುಖಕ್ಕೆ ಆಳ ಕೊಡುವುದಂತೆ.

ಇದು ನನ್ನ ಮನಸ್ಸಿಗೆ ಎಷ್ಟು ನಾಟಿತೆಂದರೆ, ಮಾರನೆಯ ದಿನ ಆಫೀಸಿನಲ್ಲಿ ತೊಂದರೆಯಾಯಿತು. ನಾನು ಕೂರುವುದು ವಿದ್ಯುತ್ ಕಚೇರಿಯ ದೂರು ಕೌಂಟರಿನಲ್ಲಿ. ಹೆಂಗಸೊಬ್ಬರು ಬಂದು, ವಾರದಿಂದ ಮನೆಯಲ್ಲಿ ಕರೆಂಟಿಲ್ಲ, ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿಲ್ಲ ಎಂದರು. ಕತ್ತಲೆಯಿಲ್ಲದಿದ್ದರೆ ಮುಖಕ್ಕೆ ಆಳವೆಲ್ಲಿಂದ ಬರಬೇಕು ಹೇಳಿ ಎಂದುಬಿಟ್ಟೆ. ಅವರು ನೇರವಾಗಿ ಮೇಲಧಿಕಾರಿಗಳ ಕೋಣೆಗೆ ಹೋದರು. ಆಮೇಲೆ ನನ್ನನ್ನೂ ಕರೆದರು. ಅಲ್ಲಿ ನಡೆದ ಮಾತುಕತೆಯಲ್ಲಿ ಕಲೆಯ ಪ್ರಸ್ತಾಪ ಬರಲಿಲ್ಲ.

ಕೊನೆಗೆ ಮೇಡಂ ಒಂದು ಹೋಂವರ್ಕ್ ಕೊಟ್ಟರು. ತರಗತಿಯ ಹಳೆಯ ಮರದ ಕ್ಯಾಮೆರಾವನ್ನು ಒಬ್ಬೊಬ್ಬರಾಗಿ ಒಯ್ದು, ಹಳೆಯ ಪದ್ಧತಿಯಲ್ಲೇ ಒಂದು ಭಾವಚಿತ್ರ ತೆಗೆದು ತರಬೇಕು. ಹೆಂಡತಿಯನ್ನು ಕೇಳಿದೆ. ನನ್ನ ಅರ್ಧ ಮುಖ ಕತ್ತಲಲ್ಲಿಟ್ಟು ನೀವೇನೂ ಮೆಚ್ಚಬೇಕಾಗಿಲ್ಲ ಎಂದಳು. ಉಳಿದವರು ಮಾವ.

ಮಾವ ದರ್ಜಿ. ದೊಡ್ಡ ಬೀದಿಯಲ್ಲಿ, ಸಲೂನಿನ ಪಕ್ಕದಲ್ಲಿ ಅವರ ಅಂಗಡಿ. ಬೀದಿಯ ಕಡೆಗೆ ಗಾಜಿನ ಷೋಕೇಸು, ಒಳಗೆ ಎರಡು ಹೊಲಿಗೆ ಮಿಷನ್ನು, ಕೋಟು ಹಾಕಿ ನೋಡಲು ತಲೆಯಿಲ್ಲದ ಒಂದು ಬೊಂಬೆ, ಒಂದು ಕಿಟಕಿ. ತಮ್ಮ ಮದುವೆಯಾದ ವರ್ಷ ಅವರು ಆ ಅಂಗಡಿ ಹಿಡಿದಾಗ ಕಟ್ಟಡದ ಮಾಲೀಕರು ಮಾತು ಕೊಟ್ಟಿದ್ದರು: ನೀವಿರುವವರೆಗೂ ಅಂಗಡಿ ನಿಮ್ಮದೇ, ಯಾರು ಎಷ್ಟೇ ಕೇಳಿದರೂ ಬಿಡಿಸುವುದಿಲ್ಲ. ಮಾಲೀಕರು ಆಮೇಲೆ ಬೇರೆ ಊರಿಗೆ ಹೋದರು, ಬಾಡಿಗೆ ಬ್ಯಾಂಕಿಗೆ ಹೋಗುತ್ತಿತ್ತು, ಮಾತು ಮಾತ್ರ ಇಲ್ಲೇ ಇತ್ತು. ಆ ಬೀದಿಯಲ್ಲಿ ಅಂಗಡಿಗಾಗಿ ಕಾದು ಕೂತವರು ಎಷ್ಟೋ ಜನ. ಮಾವನಿಗೆ ಅಂಗಡಿಯೆಂದರೆ ಜೀವ. ಭಾನುವಾರವೂ ಹೋಗಿ ಸುಮ್ಮನೆ ಬಾಗಿಲು ತೆಗೆದು, ಮಿಷನ್ನಿಗೊಂದು ತೊಟ್ಟು ಎಣ್ಣೆ ಬಿಟ್ಟು ಬರುತ್ತಿದ್ದರು.

ಒಂದೇ ತೊಂದರೆಯೆಂದರೆ ಮಾವ ಸುಮ್ಮನಿರುವ ಮನುಷ್ಯರಲ್ಲ. ಮಾತು, ನಗು, ಕೈಸನ್ನೆ. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡಿದ್ದರೂ ಮಾತು ನಿಲ್ಲದು, ಸೂಜಿಗಳ ಸಂದಿಯಿಂದ ಬರುತ್ತದೆ. ಅಂಥವರನ್ನು ಕಿಟಕಿಯ ಪಕ್ಕ ಕೂರಿಸಿ, ಬೊಂಬೆಯನ್ನು ಕಳಚಿ, ಅದರ ಕಬ್ಬಿಣದ ಕಂಬವನ್ನು ಅವರ ಬೆನ್ನ ಹಿಂದೆ ನಿಲ್ಲಿಸಿ, ತಿರುಪು ಬಿಗಿದು ಕತ್ತಿಗೆ ಆಸರೆ ಮಾಡಿದೆ. ಹಿಂದೆ ಕೋಟಿನ ಒಳಪದರದ ಕಪ್ಪು ಬಟ್ಟೆ ಇಳಿಬಿಟ್ಟೆ. ಇನ್ನೂ ಮಾತಾಡುತ್ತಿದ್ದರು. ನೋಡಲು ಬಂದಿದ್ದ ಅತ್ತೆ, ನೀವು ಒಂದು ಗಳಿಗೆ ಬಾಯಿ ಮುಚ್ಚಿದರೆ ಈ ಜನ್ಮದಲ್ಲಿ ನಾನು ಇನ್ನೇನೂ ಕೇಳುವುದಿಲ್ಲ ಎಂದರು. ಮಾವ ಹಟಕ್ಕೆ ಬಿದ್ದು ಬಾಯಿ ಮುಚ್ಚಿದರು. ಆ ಗಳಿಗೆಯನ್ನು ನಾನು ಹಿಡಿದೆ.

ಮೇಡಂ ತೊಳೆದು ಕೊಟ್ಟ ಪ್ರತಿಯನ್ನು ನೋಡಿ ನನಗೇ ಭಯವಾಯಿತು. ಕತ್ತಲಿನಿಂದ ಒಂದು ಮುಖ ಮೇಲೆದ್ದು ಬಂದಿತ್ತು. ಒಂದು ಕಣ್ಣಿನಲ್ಲಿ ಬೆಳಕು, ಇನ್ನೊಂದರಲ್ಲಿ ಆಳ. ಬಿಗಿದ ತುಟಿ. ಮಂಡಿಯ ಮೇಲೆ ದೊಡ್ಡ ಕತ್ತರಿ, ಅದರ ಮೇಲೆ ಕೈ. ನೂರು ವರ್ಷದಿಂದ ಯಾರನ್ನೋ ಕ್ಷಮಿಸುತ್ತ ಕೂತಿರುವ ಹಾಗಿದ್ದರು. ಅತ್ತೆ ಫೋಟೋವನ್ನು ಬಹಳ ಹೊತ್ತು ನೋಡಿ, ಮದುವೆಗೆ ಮುಂಚೆ ಈ ಮನುಷ್ಯ ಎಲ್ಲಿದ್ದರು ಎಂದು ಕೇಳಿದರು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅದೇ ವಾರ ಮಾವ ಅವರ ಅಕ್ಕನ ಊರಿಗೆ ಹೊರಟರು, ಅಕ್ಕನ ಮೊಮ್ಮಗಳ ಮದುವೆ ಬಟ್ಟೆ ಹೊಲಿಯಲು. ಅಂಗಡಿಯ ಬೀಗದ ಕೈ ನನ್ನ ಹತ್ತಿರ ಬಂತು. ಅವರು ವಾಪಸು ಬರುವಷ್ಟರಲ್ಲಿ ಅವರಿಗೊಂದು ಅಚ್ಚರಿ ಕಾದಿರಲಿ, ಬೀದಿಯ ಜನರಿಗೂ ಒಳ್ಳೆಯ ಭಾವಚಿತ್ರವೆಂದರೇನೆಂದು ತಿಳಿಯಲಿ ಎಂದು, ನಾನು ಷೋಕೇಸಿನಲ್ಲಿದ್ದ ಕೋಟುಗಳನ್ನೆಲ್ಲ ತೆಗೆದೆ. ಕಪ್ಪು ಬಟ್ಟೆ ಹೊದಿಸಿದೆ. ನಡುವೆ ಕಟ್ಟು ಹಾಕಿಸಿದ ಫೋಟೋ ಇಟ್ಟೆ. ಬೆಳಕು ಒಂದೇ ಕಡೆಯಿಂದ ಬರಲೆಂದು ಎಡಕ್ಕೊಂದು ಚಿಕ್ಕ ಬಲ್ಬು ಹಚ್ಚಿದೆ. ಕೆಳಗೆ ಚೀಟಿಯಲ್ಲಿ, ತರಗತಿಯ ಕ್ರಮದಂತೆ, ‘ಒಬ್ಬ ದರ್ಜಿ’ ಎಂದಷ್ಟೇ ಬರೆದೆ. ಪಕ್ಕದ ರೋಲಿಂಗ್ ಷಟರ್ ಎಳೆದು, ಬೀಗ ಹಾಕಿ, ಬೀಗ ಬಿದ್ದಿದೆಯೇ ಎಂದು ಎಂದಿನಂತೆ ಎಳೆದೆಳೆದು ನೋಡಿ ಮನೆಗೆ ಬಂದೆ.

ಮಾರನೆಯ ಬೆಳಿಗ್ಗೆ ಷೋಕೇಸಿನ ಮುಂದೆ ಐದಾರು ಜನ ನಿಂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಒಬ್ಬರು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಮೇಡಂ ಹೇಳಿದ್ದು ನಿಜ: ಒಳ್ಳೆಯ ಭಾವಚಿತ್ರದ ಮುಂದೆ ಮನುಷ್ಯ ತಾನಾಗಿ ಮೌನಿಯಾಗುತ್ತಾನೆ. ಸಲೂನಿನವರು ಕತ್ತರಿಯನ್ನು ಹಾಗೇ ಹಿಡಿದುಕೊಂಡು ಹೊರಗೆ ಬಂದು ನನ್ನ ಪಕ್ಕ ನಿಂತರು.

"ಯಾವಾಗ ಆಯ್ತು ಸಾರ್?" ಎಂದರು ಮೆಲ್ಲಗೆ.

"ಹೋದ ಭಾನುವಾರ" ಎಂದೆ. "ಇಲ್ಲೇ, ಅಂಗಡಿಯಲ್ಲೇ."

"ಅಂಗಡೀಲೇ ಆಗಿದ್ದು ಒಂಥರಾ ಒಳ್ಳೇದೇ ಆಯ್ತು. ಅವರಿಗೆ ಅದೇ ಇಷ್ಟ ಇತ್ತು. ತುಂಬಾ ಕಷ್ಟಪಟ್ರಾ?"

"ಸ್ವಲ್ಪ. ಕತ್ತು ಹಿಡ್ಕೊಂಡಿತ್ತು. ಮೊದಮೊದಲು ಒದ್ದಾಡಿದ್ರು. ಆಮೇಲೆ ಅಲುಗಾಡಲೇ ಇಲ್ಲ."

"ಏನಾದ್ರೂ ಹೇಳಿದ್ರಾ, ಕೊನೇಲಿ?"

"'ಮುಗೀತಾ ಅಳಿಯಂದ್ರೇ?' ಅಂದ್ರು, ಅಷ್ಟೇ."

ಸಲೂನಿನವರು ಕಣ್ಣೊರೆಸಿಕೊಂಡು ಒಳಗೆ ಹೋದರು. ಕ್ಷೌರದ ಕುರ್ಚಿಗಳ ನಡುವೆ ಇಷ್ಟು ಸೂಕ್ಷ್ಮ ಮನಸ್ಸೊಂದು ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಇತ್ತಲ್ಲ ಎಂದು ನಾನು ದಾರಿಯುದ್ದಕ್ಕೂ ಯೋಚಿಸಿದೆ.

ಸಂಜೆ ಹೋಗಿ ನೋಡಿದರೆ ಷೋಕೇಸಿನ ಕೆಳಗೆ ಯಾರೋ ಹೂವಿಟ್ಟು ಹೋಗಿದ್ದರು. ಮಾರನೆಯ ದಿನ ಹೂವು ಇನ್ನಷ್ಟಾಯಿತು. ನಾಟಕದವರಿಗೆ ಹೂವು ಕೊಡುತ್ತಾರೆ, ಹಾಡುವವರಿಗೆ ಕೊಡುತ್ತಾರೆ, ಫೋಟೋ ತೆಗೆದವನಿಗೆ ಯಾಕೆ ಕೊಡಬಾರದು ಎಂದುಕೊಂಡೆ. ಆದರೂ ಅಷ್ಟು ಹೊಗಳಿಕೆಗೆ ನಾನು ಅರ್ಹನೋ ಅಲ್ಲವೋ ಎಂಬ ಅಳುಕಿನಿಂದ, ಒಂದೇ ಒಂದು ಗುಲಾಬಿಯನ್ನು ಮಾತ್ರ ಮನೆಗೆ ತಂದೆ.

ಮನೆಯಲ್ಲೂ ಕಳೆ ಹೆಚ್ಚಿತ್ತು. ಅತ್ತೆ ಮಾವ ಇರುವುದು ನಮ್ಮ ಮನೆಯ ಮಹಡಿಯಲ್ಲಿ. ವರ್ಷಕ್ಕೊಮ್ಮೆಯೂ ಮೆಟ್ಟಿಲು ಹತ್ತದ ನೆರೆಯವರೆಲ್ಲ ಅತ್ತೆಯನ್ನು ನೋಡಲು ಬರುತ್ತಿದ್ದರು. ಬಂದವರು ಅತ್ತೆಯ ಕೈ ಹಿಡಿದುಕೊಂಡು, ಹೀಗಾಗಬಾರದಿತ್ತು ಎನ್ನುವರು. ಅತ್ತೆಯ ಮಟ್ಟಿಗೆ ಆ ವಾರ ಆಗಬಾರದ್ದು ಒಂದೇ ಆಗಿತ್ತು, ಅವರ ಮಿಕ್ಸಿ ಕೆಟ್ಟಿತ್ತು. ಏನು ಮಾಡೋದು, ಎಷ್ಟು ದಿನ ಅಂತ ಬಾಳಿಕೆ ಬರುತ್ತೆ, ಸದ್ದಂತೂ ಮೊದಲಿನಿಂದಲೂ ಜಾಸ್ತಿಯೇ ಇತ್ತು ಎಂದು ಅವರು ಸಮಾಧಾನವಾಗಿಯೇ ಉತ್ತರ ಕೊಟ್ಟರು. ಯಜಮಾನರ ಮಾತು ಬಂದಾಗ, ಶನಿವಾರ ಬರುತ್ತಾರೆ, ಬಂದರೆ ಮತ್ತೆ ಗಲಾಟೆಯೇ, ಈಗ ಮನೆ ಎಷ್ಟು ನೆಮ್ಮದಿಯಾಗಿದೆ ನೋಡಿ ಎಂದರು. ನೆರೆಯವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅವರಲ್ಲೊಬ್ಬರು, ಬ್ಯಾಂಕ್ ಮ್ಯಾನೇಜರರ ಹೆಂಡತಿ, ಕೆಳಗಿಳಿದು ಬಂದು, ಅಮ್ಮನನ್ನು ಒಬ್ಬರೇ ಬಿಡಬೇಡಿ, ಮನಸ್ಸಿನ ಮೇಲೆ ಎಲ್ಲರಿಗೂ ಒಂದೇ ಥರ ಪರಿಣಾಮ ಆಗುವುದಿಲ್ಲ ಎಂದು ನನ್ನ ಹೆಂಡತಿಗೆ ಪಿಸುಗುಟ್ಟಿದರಂತೆ. ಮಿಕ್ಸಿ ಕೆಟ್ಟರೆ ಇಷ್ಟು ಕಾಳಜಿ ತೋರಿಸುವ ನೆರೆ ಎಲ್ಲಿ ಸಿಗುತ್ತೆ ರೀ ಎಂದು ಅವಳು ನನಗೆ ಹೇಳಿದಳು.

ನನಗೆ ಮೊದಲು ಇರುಸುಮುರುಸಾದದ್ದು ಪೊಲೀಸಿನವರೊಬ್ಬರು ನನ್ನ ಆಫೀಸಿನ ಕೌಂಟರಿಗೆ ಬಂದಾಗ. ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು, ಯಾವ ಸ್ಥಿತಿಯಲ್ಲಿದ್ದರೂ ಪರವಾಗಿಲ್ಲ, ವಾಪಸು ಕೊಡಿ ಎಂದರು. ಹೋಗುವಾಗ ಭುಜ ತಟ್ಟಿದರು. ಪೊಲೀಸಿನವರು ಭುಜ ತಟ್ಟಿದರೆ ನನಗೆ ಊಟ ಸೇರುವುದಿಲ್ಲ. ಅವರ ಹಿಂದೆ ಇನ್ನಷ್ಟು ಗಿರಾಕಿಗಳು ಬಂದು ನನ್ನಿಂದ ಅಂಗಡಿ ತೆಗೆಸಿ ಬಟ್ಟೆ ಒಯ್ದರು. ಫೋಟೋದಲ್ಲಿ ಮಾವನ ಗಾಂಭೀರ್ಯ ನೋಡಿದ ಮೇಲೆ, ಇಂಥವರ ಕೈಯಲ್ಲಿ ಪೈಜಾಮ ಹೊಲಿಸುವುದು ಹೇಗೆಂದು ಹಿಂಜರಿದರೇನೋ ಎಂದು ಯೋಚಿಸಿದೆ. ಕಲೆಯಿಂದ ವ್ಯಾಪಾರಕ್ಕೆ ಹೊಡೆತ ಬೀಳುವುದುಂಟು ಎಂದು ಮೇಡಂ ಕೂಡ ಒಮ್ಮೆ ಹೇಳಿದ್ದರು.

ಶುಕ್ರವಾರ ಊಟದ ಬಿಡುವಿನಲ್ಲಿ ಅಂಗಡಿಯ ಕಡೆ ಹೋದೆ. ಷೋಕೇಸಿನ ಮುಂದೆ ಬಿಳಿಗೂದಲಿನ, ಇಸ್ತ್ರಿ ಮಾಡಿದ ಷರಟಿನ ಹಿರಿಯರೊಬ್ಬರು ನಿಂತಿದ್ದರು. ಪಕ್ಕದಲ್ಲಿ ಅಳತೆ ಟೇಪು ಹಿಡಿದ ದಪ್ಪನೆಯ ಮನುಷ್ಯರೊಬ್ಬರು ಷಟರಿನ ಅಗಲ ಅಳೆಯುತ್ತಿದ್ದರು. ಹಿರಿಯರು ಫೋಟೋದಿಂದ ಕಣ್ಣು ತೆಗೆಯದೇ ಇರುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಪಕ್ಕ ಹೋಗಿ, ಎಡಗಡೆಯಿಂದ ಬಂದಿರುವ ಬೆಳಕನ್ನು ಗಮನಿಸಿ ಎಂದೆ.

"ಬೆಳಕಿನ ಕಡೆಗೇ ಹೋಗಿರ್ತಾರೆ ಬಿಡಿ" ಎಂದರು ಹಿರಿಯರು. "ಒಳ್ಳೇ ಮನುಷ್ಯರು. ನೀವು ಅಳಿಯಂದಿರಾ? ನಾನು ಈ ಕಟ್ಟಡದ ಮಾಲೀಕ. ಸಲೂನಿನವರು ಫೋನ್ ಮಾಡಿ ಹೇಳಿದ್ರು, ತುಂಬಾ ಬೇಜಾರಾಯ್ತು. ಅವರಿರೋವರೆಗೂ ಅಂಗಡಿ ಬಿಡಿಸಲ್ಲ ಅಂತ ಮಾತು ಕೊಟ್ಟಿದ್ದೆ, ಕೊಟ್ಟ ಹಾಗೇ ನಡ್ಕೊಂಡೆ. ಇನ್ನು ಇವರು ಇಲ್ಲಿ ಬೇಕರಿ ಇಡ್ತಾರೆ. ಸಾಮಾನು ತೆಗೆಯೋಕೆ ನಿಮಗೆ ಅವಸರ ಮಾಡಲ್ಲ, ಸೋಮವಾರದವರೆಗೂ ಇರಲಿ."

ಹೂವು, ಟೋಪಿ, ಪೊಲೀಸಿನವರ ಕೈ, ಎಲ್ಲ ಒಟ್ಟಿಗೇ ನನ್ನ ತಲೆಯ ಮೇಲೆ ಬಿದ್ದವು.

"ನಮ್ಮ ಮಾವ ಸತ್ತಿಲ್ಲ ಸಾರ್" ಎಂದೆ. "ಅಕ್ಕನ ಊರಲ್ಲಿ ಮದುವೆ ಬಟ್ಟೆ ಹೊಲೀತಿದ್ದಾರೆ."

ಅಷ್ಟರಲ್ಲಿ ಬಂದ ಸಲೂನಿನವರು ನನ್ನ ತೋಳನ್ನು ಮೃದುವಾಗಿ ಹಿಡಿದುಕೊಂಡು ಮಾಲೀಕರಿಗೆ ಹೇಳಿದರು: "ಇವರ ಅತ್ತೆಯವರೂ ಹೀಗೇ ಅಂತಿದ್ದಾರೆ ಸಾರ್."

ನಾನು ಮಾವನಿಗೆ ಫೋನ್ ಹಚ್ಚಿ ಮಾಲೀಕರ ಕೈಗೆ ಕೊಟ್ಟೆ. ಮಾವನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಮಾಲೀಕರು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಯಾರೋ ತುಂಬಾ ಅಳುತ್ತಿದ್ದಾರೆ, ಈಗ ತೊಂದರೆ ಕೊಡುವುದು ಬೇಡ ಎಂದು ಫೋನ್ ವಾಪಸು ಕೊಟ್ಟರು.

ಆಮೇಲೆ ಬೇರೆಯಾಗಿ ನಿಂತು ಮಾವನಿಗೆ ವಿಷಯ ತಿಳಿಸಿದೆ. ಅವರು ಮದುವೆಯ ಬಟ್ಟೆಯನ್ನು ಅರ್ಧಕ್ಕೇ ಬಿಟ್ಟು ಸಿಕ್ಕಿದ ಬಸ್ಸು ಹತ್ತಿದರು. ಮಾಲೀಕರು ಕೇಳಿದರೆಂದು ನಾನು ಷಟರ್ ತೆಗೆದಿದ್ದೆ; ಬೇಕರಿಯವರು ಅಷ್ಟರೊಳಗೆ ಒಲೆ ಎಲ್ಲಿ, ಗಲ್ಲಾ ಎಲ್ಲಿ ಎಂದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಟು ಎಳೆದಿದ್ದರು. ಒಲೆಯ ಗೀಟು ಸರಿಯಾಗಿ ಮಾವನ ಮಿಷನ್ನಿನ ಸುತ್ತ ಬಂದಿತ್ತು.

ಹೊತ್ತು ಇಳಿಯುವ ಮೊದಲೇ ಮಾವ ಬೀದಿಯ ತುದಿಯಲ್ಲಿ ಕಾಣಿಸಿಕೊಂಡರು. ಕೈಯಲ್ಲಿ ಚೀಲ, ಕತ್ತಿನಲ್ಲಿ ಇನ್ನೂ ಟೇಪು. ಸಲೂನಿನಲ್ಲಿ ಅರ್ಧ ಕ್ಷೌರವಾಗಿದ್ದವರೊಬ್ಬರು ನೊರೆಯ ಸಮೇತ ಎದ್ದು ಒಳಬಾಗಿಲಿನಿಂದ ಓಡಿದರು. ಸಲೂನಿನವರು ಮಾವನನ್ನು ಮುಟ್ಟಿ ನೋಡಿ, ಮತ್ತೆ ಮುಟ್ಟಿ ನೋಡಿ, ನಿಮ್ಮ ಬಗ್ಗೆ ಎಷ್ಟು ಒಳ್ಳೆಯ ಮಾತು ಹೇಳಿಬಿಟ್ಟೆನಲ್ಲ ಎಂದು ನೊಂದುಕೊಂಡರು. ಮಾವ ಮಾತು ಶುರುಮಾಡಿದರು. ಬಸ್ಸಿನದು, ಕಂಡಕ್ಟರನದು, ಅಕ್ಕನದು, ಒಂದೇ ಉಸಿರಿಗೆ.

ಮಾಲೀಕರು ಒಮ್ಮೆ ಮಾವನನ್ನು, ಒಮ್ಮೆ ಫೋಟೋವನ್ನು ನೋಡಿದರು. ಅವರು ಮಾವನನ್ನು ನೋಡಿ ಎಷ್ಟೋ ವರ್ಷಗಳಾಗಿದ್ದವು.

"ನೀವು ಅವರ ತಮ್ಮನಾ?"

"ನಾನೇ ಸ್ವಾಮಿ ಅದು" ಎಂದರು ಮಾವ ನಗುತ್ತ.

"ಹೋಲಿಕೆ ಇದೆ. ಆದ್ರೆ ಅವರ ಮುಖದಲ್ಲಿ ಒಂದು ತೂಕ ಇದೆ ನೋಡಿ."

ಬೀದಿಯವರೆಲ್ಲ ಇವರೇ ಅವರು ಎಂದು ಸಾಕ್ಷಿ ಹೇಳಿದರು. ಹೋದರು ಅಂತ ಫೋನ್ ಮಾಡಿದವರೂ ನೀವೇ, ಇದ್ದಾರೆ ಅನ್ನುವವರೂ ನೀವೇ, ನಿಮ್ಮ ಯಾವ ಮಾತು ಹಿಡಿಯಲಿ ಎಂದು ಮಾಲೀಕರು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ. ಮಾವ ಗುರುತಿನ ಚೀಟಿ ತೆಗೆದು ತೋರಿಸಿದರು. ಅದರಲ್ಲಿ ಮಾವನ ಕಣ್ಣು ಮುಚ್ಚಿತ್ತು, ಬಾಯಿ ತೆರೆದಿತ್ತು, ಕಿವಿಯೊಂದು ಇರಲಿಲ್ಲ. ಅದನ್ನು ನೋಡಿದ ಮೇಲೆ ಮಾಲೀಕರ ಅನುಮಾನ ಗಟ್ಟಿಯಾಯಿತು. ಬೇಕರಿಯವರು, ಬಡಗಿಗೆ ಸೋಮವಾರ ಬರಲು ಹೇಳಿಬಿಟ್ಟಿದ್ದೇನೆ ಎಂದು ನೆನಪಿಸಿದರು.

ಆಗ ನನಗೆ ಹೊಳೆದದ್ದು ಒಂದೇ. ನಾನು ಈವರೆಗೆ ಕಲಿತಿರುವುದೂ ಅದೊಂದೇ.

"ಐದು ನಿಮಿಷ ಕೊಡಿ ಸಾರ್" ಎಂದು ಮಾಲೀಕರನ್ನು ಬೇಡಿಕೊಂಡು, ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಎಳೆದೆ. ಬೊಂಬೆ ಕಳಚಿದೆ. ಕಂಬ ನಿಲ್ಲಿಸಿ ತಿರುಪು ಬಿಗಿದೆ. ಷೋಕೇಸಿನ ಕಪ್ಪು ಬಟ್ಟೆಯನ್ನು ಕಿತ್ತು ಹಿಂದೆ ಇಳಿಬಿಟ್ಟೆ. ಮಾವನ ಮಂಡಿಯ ಮೇಲೆ ಕತ್ತರಿ ಇಟ್ಟೆ. ಬೀದಿಯವರು ಬಾಗಿಲಲ್ಲಿ ಕಿಕ್ಕಿರಿದರು, ಮಾಲೀಕರು ಫೋಟೋ ಹಿಡಿದು ಎದುರಿಗೆ ನಿಂತರು. ಎಲ್ಲ ಸರಿಯಾಗಿತ್ತು, ಮಾವ ಮಾತ್ರ ಸರಿಯಿರಲಿಲ್ಲ. ಬೇಕರಿಯವರ ಷರಟಿನ ಹೆಗಲು ಇಳಿದಿದೆ, ಯಾರು ಹೊಲಿದದ್ದು ಎಂದು ಕೇಳಿದರು. ಕತ್ತು ತುರಿಸುತ್ತಿದೆ ಎಂದರು. ಯಾರದೋ ಮುಖ ನೋಡಿ ನಕ್ಕರು. ಮಾಲೀಕರು ತಲೆಯಾಡಿಸಿ ಫೋಟೋ ಕೆಳಗಿಳಿಸಿದರು. ನಾನು ಅತ್ತೆಯನ್ನು ಕರೆತರಲು ಯಾರನ್ನಾದರೂ ಓಡಿಸೋಣವೆಂದುಕೊಂಡೆ.

"ಮಾವ" ಎಂದೆ, ಬೇರೇನೂ ತೋಚದೆ. "ನೆಲ ನೋಡಿ."

ಮಾವ ನೆಲ ನೋಡಿದರು. ಮಿಷನ್ನಿನ ಸುತ್ತಲಿನ ಬಿಳಿ ಗೀಟು ನೋಡಿದರು. ಗೀಟಿನ ಉದ್ದಕ್ಕೂ ಅವರ ಕಣ್ಣು ನಿಧಾನವಾಗಿ ಒಂದು ಸುತ್ತು ಹೋಗಿ ಬಂತು. ಅದು ಯಾವುದರ ಗುರುತೆಂದು ಯಾರೂ ಅವರಿಗೆ ಹೇಳಬೇಕಾಗಲಿಲ್ಲ. ತುಟಿ ತಾನಾಗಿ ಮುಚ್ಚಿತು. ಕೈ ಕತ್ತರಿಯ ಮೇಲೆ ಕೂತಿತು. ಅವರು ತಲೆಯೆತ್ತಿದಾಗ ಕಿಟಕಿಯ ಬೆಳಕು ಒಂದು ಕೆನ್ನೆಯ ಮೇಲೆ ಬಿತ್ತು. ಕಬ್ಬಿಣದ ಆಸರೆ ಇರದಿದ್ದರೂ ಆ ಕತ್ತು ಅಲುಗುತ್ತಿರಲಿಲ್ಲ.

ಮಾಲೀಕರು ಫೋಟೋ ನೋಡಿದರು, ಮಾವನನ್ನು ನೋಡಿದರು, ಆಮೇಲೆ ಫೋಟೋ ನೋಡಲಿಲ್ಲ. ಅದನ್ನು ಮಿಷನ್ನಿನ ಮೇಲಿಟ್ಟು ಹೇಳಿದರು:

"ಇವರೇ. ಈ ಮುಖ ನೋಡ್ಕೊಂಡು ಅಂಗಡಿ ಖಾಲಿ ಮಾಡಿ ಅನ್ನೋಕೆ ನನಗೆ ಬಾಯಿ ಬರಲ್ಲ."

ಮಾವ ಸಂತೋಷದಿಂದ ಎದ್ದು ಏನೋ ಹೇಳಲು ಬಾಯಿ ತೆರೆದರು.

"ಬೇಡ, ದಯವಿಟ್ಟು ಮಾತಾಡಬೇಡಿ" ಎಂದರು ಮಾಲೀಕರು. "ಮಾತಾಡಿದ್ರೆ ಮತ್ತೆ ಅನುಮಾನ ಬರುತ್ತೆ. ಇನ್ನು ಮೇಲೆ ಯಾರಾದ್ರೂ ಫೋನ್ ಮಾಡಿ ಇದ್ದಾರೆ, ಹೋದ್ರು ಅಂದ್ರೆ ಈ ವಯಸ್ಸಲ್ಲಿ ಬಸ್ಸು ಹತ್ತಿ ಬರೋಕೆ ನನ್ನಿಂದಾಗಲ್ಲ. ಮಾತನ್ನೇ ಬದಲಾಯಿಸ್ತೀನಿ. ಈ ಫೋಟೋ ಈ ಅಂಗಡೀಲಿ ಇರೋವರೆಗೂ ಅಂಗಡಿ ಇವರದು. ಆಯ್ತಾ?"

ಆಯಿತು ಎಂದು ಬೀದಿಗೆ ಬೀದಿಯೇ ಹೇಳಿತು. ಬೇಕರಿಯವರು ಟೇಪು ಸುತ್ತಿಕೊಂಡರು. ಹೋಗುವ ಮುಂಚೆ, ಹೆಗಲು ಸರಿಮಾಡಲು ಷರಟನ್ನು ಯಾವಾಗ ತಂದುಕೊಡಲಿ ಎಂದು ಕೇಳಿ ಹೋದರು.

ಮೇಡಂ ಅಂಗಡಿಗೇ ಬಂದು ಫೋಟೋವನ್ನು ಇನ್ನೊಮ್ಮೆ ನೋಡಿದರು. ಹೋಂವರ್ಕನ್ನು ತರಗತಿಗೆ ತರಬೇಕಿತ್ತು, ಅಂಗಡಿಯಿಂದ ತರಲಾಗದೆಂದರೆ ಅಂಕ ಕೊಡಲು ಬರುವುದಿಲ್ಲ ಎಂದರು. ಅದನ್ನು ತಂದರೆ ಮಾವ ಬೀದಿಗೆ ಬೀಳುತ್ತಾರೆ ಎಂದು ನಾನು ವಿವರಿಸಿದೆ. ಹಾಗಾಗಿ ನಾನು ಆ ವಿಷಯದಲ್ಲಿ ಇನ್ನೂ ಉತ್ತೀರ್ಣನಾಗಿಲ್ಲ.

ಫೋಟೋ ಈಗ ಷೋಕೇಸಿನಲ್ಲಿಲ್ಲ. ಒಳಗೆ, ಮಿಷನ್ನಿನ ಮೇಲುಗಡೆ, ಕಟ್ಟಿನ ನಾಲ್ಕೂ ಮೂಲೆಗೆ ಮೊಳೆ ಹೊಡೆದು ಗೋಡೆಗೆ ಸೇರಿಸಲಾಗಿದೆ. ಅತ್ತೆ ವಾರಕ್ಕೊಮ್ಮೆ ಬಂದು ಅದರ ಗಾಜು ಒರೆಸುತ್ತಾರೆ, ಪಕ್ಕದಲ್ಲಿ ಕೂತವರ ಕಡೆ ತಿರುಗಿಯೂ ನೋಡುವುದಿಲ್ಲ. ಮೊದಲ ಕೆಲವು ದಿನ ಮಾವನಿಗೆ ಬೇಸರವಿತ್ತು. ನನ್ನ ಅಂಗಡಿಯಲ್ಲಿ ನಾನೇ ಎರಡನೆಯವನಾದೆ ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿಕೊಂಡರು. ಈಗಿಲ್ಲ. ಮೊನ್ನೆ ಪೊಲೀಸಿನವರು ಬಂದು, ಹೇಳಿದ ದಿನಕ್ಕೆ ಒಂದು ಸಲವೂ ಬಟ್ಟೆ ಕೊಟ್ಟಿಲ್ಲವಲ್ಲ, ಇದೇನು ಅಂಗಡಿಯೋ ಏನು ಎಂದು ಕೂಗಾಡಿದರು. ಮಾವ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, ಗೋಡೆಯ ಕಡೆ ಕೈ ತೋರಿಸಿದರು.

"ಅಂಗಡಿ ಅವರದು ಸಾರ್, ಅವರನ್ನೇ ಕೇಳಿ. ನಾನಿಲ್ಲಿ ಹೊಲಿಯೋನು ಅಷ್ಟೇ."

ಪೊಲೀಸಿನವರು ತಲೆಯೆತ್ತಿ ಫೋಟೋ ನೋಡಿದರು. ಸ್ವಲ್ಪ ಹೊತ್ತು ನೋಡಿ, ಟೋಪಿ ತೆಗೆದು, ಅವಸರವೇನಿಲ್ಲ, ಮುಂದಿನ ವಾರವಾದರೂ ಸರಿ ಎಂದು ಮೆಲ್ಲಗೆ ಹೇಳಿ ಹೊರಟುಹೋದರು.